ಐದೂವರೆ ಗಂಟೆಯ ಅಂತರ

"ಒಟಿಪಿ ಯಾರಿಗೂ ಹೇಳಿಲ್ಲ ಸರ, ಆದ್ರೂ ರೊಕ್ಕ ಹೋಗೈತಿ," ಎನ್ನುತ್ತಲೇ ಮಂಡಕ್ಕಿ ಭಟ್ಟಿಯವರೊಬ್ಬರು ಸೋಮವಾರ ಬೆಳಿಗ್ಗೆ ದಾವಣಗೆರೆಯ ವಕೀಲರ ಕಚೇರಿಗೆ ಬಂದರು. ಹೇಳಿರಲಿಲ್ಲ, ನಿಜ. ಶನಿವಾರ ರಾತ್ರಿ ವಾಟ್ಸಾಪಿಗೆ ಬಂದ ಟ್ರಾಫಿಕ್ ಚಲನ್ ಒತ್ತಿದ್ದರು. ಹೆಸರಿನ ಕೊನೆಗೆ ಎಪಿಕೆ ಎಂದಿದ್ದ ಅದು ಚಲನ್ ಅಲ್ಲ, ಆ್ಯಪ್. ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತ್ತು, ಇವರು ಕೊಟ್ಟಿದ್ದರು. ಒಟಿಪಿ ತಾನಾಗಿಯೇ ಆಚೆ ಹೋಯಿತು, ಹಿಂದೆಯೇ 48,000 ರೂಪಾಯಿ.

ಆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದಾಯಿತು. ಬ್ಯಾಂಕು, ಖಾತೆ, ಮೊತ್ತ, ಸಮಯ, ವಹಿವಾಟಿನ ಸಂಖ್ಯೆ ಕೇಳುತ್ತಾರೆ; ಯುಪಿಐ ಆದರೆ ಆ ಸಂಖ್ಯೆ 12 ಅಂಕಿಯದು. "ಭಾನುವಾರ ಬ್ಯಾಂಕ್ ಇರಲ್ಲಲ್ರೀ" ಅಂತ ಒಂದಿಡೀ ದಿನ ಸುಮ್ಮನಿದ್ದರಂತೆ. ಅಷ್ಟರಲ್ಲಿ ಹಣ ಮೂರು ಬಾಡಿಗೆ ಖಾತೆ (ವಂಚಕರು ಬೇರೆಯವರ ಹೆಸರಲ್ಲಿ ಬಳಸುವ ಬ್ಯಾಂಕ್ ಖಾತೆ) ದಾಟಿತ್ತು. ತಡೆಹಿಡಿಯಲು ಸಿಕ್ಕಿದ್ದು 6,200 ಮಾತ್ರ.

ಫೋನ್ ಫಾರ್ಮ್ಯಾಟ್ ಮಾಡಿಸಲು ಹೊರಟಿದ್ದರು, ತಡೆದದ್ದು ಒಳ್ಳೆಯದಾಯಿತು. ಸಾಕ್ಷ್ಯ ಇರುವುದೇ ಅದರೊಳಗೆ. ಬರೀ ಸ್ಕ್ರೀನ್‌ಶಾಟ್ ಪ್ರಿಂಟು ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವೂ ಬೇಕು, ಹ್ಯಾಶ್ ಮೌಲ್ಯ ಸಮೇತ; ಅದು ಕಡತದ ಬೆರಳಚ್ಚಿನಂಥ ಸಂಖ್ಯೆ, ಕಡತ ಬದಲಾದರೆ ಅದೂ ಬದಲಾಗುತ್ತದೆ.

ಕಾನೂನಿಗೇನೂ ಕೊರತೆಯಿಲ್ಲ. ಕಂಪ್ಯೂಟರ್ ಮೂಲಕ ಬೇರೆಯವರ ಸೋಗು ಹಾಕಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಪ್ರಕಾರ ಮೂರು ವರ್ಷದವರೆಗೆ ಜೈಲು; ಕಲಂ 75ರ ಪ್ರಕಾರ ಇಲ್ಲಿನ ಕಂಪ್ಯೂಟರಿಗೆ ಕೈಹಾಕಿದವನು ದೇಶದ ಆಚೆ ಇದ್ದರೂ ಬಿಡುವುದಿಲ್ಲ. ಆದರೆ ಅವನು ಯಾರು?

ಪತ್ತೆಗೆ ಸಿಗುವ ಸುಳಿವು ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿಗೆ ಸೇರಿದ ಸಾಧನಕ್ಕೆ ಸಿಗುವ ಸಂಖ್ಯೆ. ಅದನ್ನು ಮನೆ ನಂಬರು ಅಂದುಕೊಂಡವರೇ ಹೆಚ್ಚು. ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಏಕಕಾಲಕ್ಕೆ ಅನೇಕ ಗ್ರಾಹಕರಿಗೆ ಹಂಚಿರುತ್ತವೆ. ಒಬ್ಬರನ್ನು ಬೇರ್ಪಡಿಸಲು ಪೋರ್ಟ್ ಸಂಖ್ಯೆ (ಒಂದೇ ಐಪಿಯಲ್ಲಿ ಒಂದೊಂದು ಸಂಪರ್ಕಕ್ಕೆ ಕೊಡುವ ಸಂಖ್ಯೆ) ಮತ್ತು ಸೆಕೆಂಡಿನವರೆಗಿನ ಸಮಯ ಬೇಕು. ಎಷ್ಟೋ ಸರ್ವರುಗಳು ಪೋರ್ಟನ್ನು ಬರೆದಿಟ್ಟುಕೊಳ್ಳುವುದೇ ಇಲ್ಲ. ಇನ್ನು ಸಮಯ: ಸರ್ವರು ಬರೆದಿಡುವ ಲಾಗಿನಲ್ಲಿ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯ ಇರುತ್ತದೆ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ ರಾತ್ರಿ 9:10 ಅಲ್ಲಿ 15:40. ಮೊಬೈಲ್ ಕಂಪನಿಗೆ ಪತ್ರ ಬರೆಯುವ ಪೊಲೀಸರು ಅದನ್ನೇ ನಮ್ಮ ಸಮಯವೆಂದು ಟೈಪಿಸಿದರೆ, ಮಧ್ಯಾಹ್ನ ಮೂರೂ ನಲವತ್ತಕ್ಕೆ ಆ ಐಪಿಯಲ್ಲಿದ್ದ ಪಾಪದವನ ಮನೆ ಬಾಗಿಲು ಬಡಿಯುತ್ತಾರೆ. ತಪ್ಪು ತಿಳಿದು ಮತ್ತೊಂದು ಪತ್ರ ಹೋಗುವ ಹೊತ್ತಿಗೆ ಲಾಗೇ ಅಳಿಸಿರಬಹುದು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ನಿರ್ದೇಶನ ಲಾಗನ್ನು ಇಟ್ಟುಕೊಳ್ಳಲು ಹೇಳಿರುವುದು 180 ದಿನ.

ತಡೆಹಿಡಿದ ಹಣ ಬಿಡಿಸಿಕೊಳ್ಳಲು ಕೋರ್ಟಿಗೆ ಬೇರೆಯೇ ಅರ್ಜಿ ಬೇಕಾಗಬಹುದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 503ರಡಿ. ಭಟ್ಟಿಯ ಯಜಮಾನರು ಫೋನನ್ನು ಮಂಡಕ್ಕಿ ಕವರಿನಲ್ಲಿ ಸುತ್ತಿ ಸಿ.ಇ.ಎನ್. (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೊರಟವರು ಬಾಗಿಲಲ್ಲಿ ನಿಂತರು:

"ಆರು ಸಾವಿರಕ್ಕ ಎಷ್ಟು ಸಲ ಬರಬೇಕಾಗ್ತೈತಿ ಸರ?"