ಕೇಬಲ್ ಚುಚ್ಚಿದಾಗ ಆಂಟೆನಾ ಎಲ್ಲಿರುತ್ತದೆ?

ಹೊಸದಾಗಿ ಬಿಡುಗಡೆಯಾದ ಸ್ಮಾರ್ಟ್‌ಫೋನ್ ಒಂದರ ಹಾರ್ಡ್‌ವೇರ್ ದೂರುಗಳನ್ನು ಪರಿಶೀಲಿಸುವ ತಂಡದಲ್ಲಿ ನಾನು ಕೆಲಸ ಮಾಡುತ್ತಿದ್ದ ದಿನಗಳ ಅನುಭವವಿದು. ಫೋನ್ ಮಾರುಕಟ್ಟೆಗೆ ಬಂದ ಎರಡನೆಯ ವಾರದಿಂದಲೇ "ನೆಟ್‌ವರ್ಕ್ ನಿಲ್ಲುತ್ತಿಲ್ಲ", "ಮಾತಿನ ನಡುವೆ ಕಾಲ್ ಕಟ್ ಆಗುತ್ತದೆ", "ಹಳೆಯ ಫೋನಿಗೆ ಸಿಗ್ನಲ್ ಸಿಗುವ ಕೋಣೆಯಲ್ಲೇ ಇದಕ್ಕೆ ಸಿಗುವುದಿಲ್ಲ" ಎಂಬ ದೂರುಗಳು ಬರತೊಡಗಿದವು. ಆ ಮೂರನೆಯ ದೂರನ್ನು ನಾವು ಗಮನವಿಟ್ಟು ಓದಿದ್ದರೆ ಎಷ್ಟೋ ದಿನಗಳ ಕೆಲಸ ಉಳಿಯುತ್ತಿತ್ತು. ಕೋಣೆ ಅದೇ, ಸಿಮ್ ಅದೇ, ಟವರ್ ಅದೇ. ಬದಲಾದದ್ದು ಫೋನ್ ಒಂದೇ. ಆದರೂ ನಾವು ಎಲ್ಲರಿಗೂ ಒಂದೇ ಉತ್ತರ ಕಳುಹಿಸಿದೆವು: ಆಫ್ ಮಾಡಿ ಆನ್ ಮಾಡಿ, ಸಿಮ್ ತೆಗೆದು ಮತ್ತೆ ಹಾಕಿ, ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್ ಮಾಡಿ, ಮುಂದಿನ ಅಪ್‌ಡೇಟ್‌ಗೆ ಕಾಯಿರಿ.

ಹಾಗೆ ಉತ್ತರಿಸುವ ಧೈರ್ಯ ಬಂದದ್ದು ಪರೀಕ್ಷಾ ಮೇಜಿನಿಂದ. ಹಿಂದಿರುಗಿ ಬಂದ ಪ್ರತಿಯೊಂದು ಫೋನನ್ನೂ ಬಿಚ್ಚಿ, ಬೋರ್ಡಿನ ಮೇಲಿರುವ ಅಕ್ಕಿಕಾಳಿನಷ್ಟು ಸಣ್ಣ ಕನೆಕ್ಟರ್‌ಗೆ ಕೇಬಲ್ ಚುಚ್ಚಿ, ಅದರ ಇನ್ನೊಂದು ತುದಿಯನ್ನು ಟೆಸ್ಟರ್ ಯಂತ್ರಕ್ಕೆ ಜೋಡಿಸಿ ನಾವು ಅಳೆಯುತ್ತಿದ್ದೆವು. ಹೊರಸೂಸುವ ಶಕ್ತಿ ಸರಿಯಾಗಿತ್ತು, ರಿಸೀವರಿನ ಸೂಕ್ಷ್ಮತೆಯೂ ಸರಿಯಾಗಿತ್ತು, ಆದ್ದರಿಂದ ವರದಿಯ ಕೊನೆಯ ಕಾಲಮಿನಲ್ಲಿ "ದೋಷ ಕಂಡುಬಂದಿಲ್ಲ" ಎಂದು ಬರೆದು ಫೋನನ್ನು ಹಿಂದಕ್ಕೆ ಕಳುಹಿಸುತ್ತಿದ್ದೆವು. ಆ ಪುಟ್ಟ ಕನೆಕ್ಟರಿನೊಳಗೆ ಒಂದು ಸ್ವಿಚ್ ಇರುತ್ತದೆ. ಕೇಬಲ್ ಒಳಗೆ ಹೋದೊಡನೆ ಅದು ಆಂಟೆನಾದ ಕಡೆಗಿನ ದಾರಿಯನ್ನು ಕಡಿದು, ಸಿಗ್ನಲನ್ನು ಕೇಬಲಿನ ಕಡೆಗೆ ತಿರುಗಿಸುತ್ತದೆ. ಅಂದರೆ ನಮ್ಮ ಪರೀಕ್ಷೆಯ ಅಷ್ಟೂ ಹೊತ್ತು ಆಂಟೆನಾ ಸರ್ಕ್ಯೂಟಿನಲ್ಲೇ ಇರಲಿಲ್ಲ. ಅದನ್ನು ಮುರಿದು ಕಸದ ಬುಟ್ಟಿಗೆ ಎಸೆದಿದ್ದರೂ ಫೋನ್ ಪಾಸಾಗುತ್ತಿತ್ತು. ಸರ್ಕ್ಯೂಟ್ ನಕ್ಷೆಯಲ್ಲಿ ಈ ಸ್ವಿಚ್ಚನ್ನು ನಾನು ಹತ್ತಾರು ಬಾರಿ ನೋಡಿದ್ದೆ. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಒಂದೇ ಸರಣಿ ಸಂಖ್ಯೆಯ ಫೋನ್ ಮೂರನೆಯ ಸಲ ಮೇಜಿಗೆ ಬಂದಾಗ ಅನುಮಾನ ಶುರುವಾಯಿತು. ಅದರ ಜೊತೆಗಿದ್ದ ಪತ್ರದಲ್ಲಿ ಬಳಕೆದಾರರು, ನಿಮ್ಮಲ್ಲಿಗೆ ಬಂದು ಹೋದ ಮೇಲೆ ಕೆಲವು ದಿನ ಚೆನ್ನಾಗಿಯೇ ಇರುತ್ತದೆ, ಆಮೇಲೆ ಮತ್ತೆ ಅದೇ ಗೋಳು ಎಂದು ಬರೆದಿದ್ದರು. ನಾನು ಎಂದಿನಂತೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಾಗ ಹಿರಿಯ ಸಹೋದ್ಯೋಗಿಯೊಬ್ಬರು ತಡೆದು, "ಬಿಚ್ಚುವ ಮೊದಲು ಇದನ್ನು ಕೈಯಲ್ಲಿ ಹಿಡಿದು ಯಾರಾದರೂ ನೋಡಿದ್ದೀರಾ?" ಎಂದು ಕೇಳಿದರು. ಯಾರೂ ನೋಡಿರಲಿಲ್ಲ.

ನೋಡುವುದೆಂದರೆ ಪರದೆಯ ಮೇಲಿನ ಕಡ್ಡಿಗಳನ್ನು ಎಣಿಸುವುದಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದಕ್ಕೆ ಎಲ್ಲರೂ ಪಾಲಿಸುವ ಅಳತೆಗೋಲು ಇಲ್ಲ. ಫೋನ್ ತಯಾರಕರೋ ನೆಟ್‌ವರ್ಕ್ ಕಂಪನಿಗಳೋ ತಮಗೆ ಸರಿಕಂಡಂತೆ ಅದನ್ನು ನಿಗದಿ ಮಾಡುತ್ತಾರೆ. 2010ರ ಜೂನ್ 24ರಂದು ಬಿಡುಗಡೆಯಾದ ಐಫೋನ್ 4ರ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಆ ಫೋನಿನ ಸುತ್ತಲಿನ ಉಕ್ಕಿನ ಪಟ್ಟಿಯೇ ಆಂಟೆನಾ ಆಗಿತ್ತು. ಎಡಬದಿಯ ಕೆಳಭಾಗದಲ್ಲಿದ್ದ ಸಣ್ಣ ಸಂದು ಎರಡು ಆಂಟೆನಾಗಳನ್ನು ಬೇರ್ಪಡಿಸಿತ್ತು. ಅಂಗೈ ಆ ಸಂದನ್ನು ಮುಚ್ಚಿದರೆ ಸಿಗ್ನಲ್ ಕುಸಿಯುತ್ತಿತ್ತು. ಜುಲೈ 2ರಂದು ಆಪಲ್ ಪ್ರಕಟಿಸಿದ ಪತ್ರದಲ್ಲಿ, ಕಡ್ಡಿಗಳನ್ನು ಲೆಕ್ಕ ಹಾಕುವ ಸೂತ್ರವೇ ತಪ್ಪಾಗಿತ್ತು, ಅನೇಕ ಸಂದರ್ಭಗಳಲ್ಲಿ ಇರಬೇಕಾದುದಕ್ಕಿಂತ 2 ಕಡ್ಡಿ ಹೆಚ್ಚು ತೋರಿಸುತ್ತಿತ್ತು ಎಂದು ಒಪ್ಪಿಕೊಂಡಿತು. ಸೂತ್ರವನ್ನು ತಿದ್ದಿದ್ದರಿಂದ ಕಡ್ಡಿಗಳು ನಿಜ ಹೇಳತೊಡಗಿದವೇ ಹೊರತು ಅಂಗೈ ಮತ್ತು ಲೋಹದ ನಡುವಿನ ಸಂಬಂಧವೇನೂ ಬದಲಾಗಲಿಲ್ಲ. ಅದಕ್ಕಾಗಿ ಜುಲೈ 16ರಂದು ಬಳಕೆದಾರರಿಗೆ ಉಚಿತ ಕವರ್ ಕೊಡುವುದಾಗಿ ಘೋಷಿಸಬೇಕಾಯಿತು. ಚರ್ಮ ಲೋಹವನ್ನು ನೇರವಾಗಿ ಮುಟ್ಟದಂತೆ ಮಾಡುವ ಒಂದು ರಬ್ಬರ್ ಪಟ್ಟಿ ಸಾಫ್ಟ್‌ವೇರಿಗಿಂತ ಹೆಚ್ಚು ಕೆಲಸ ಮಾಡಿತು.

ಆದ್ದರಿಂದ ನಾವು ಕಡ್ಡಿ ಬಿಟ್ಟು ಡಿಬಿಎಂ, ಅಂದರೆ ಸಿಗ್ನಲಿನ ಶಕ್ತಿಯನ್ನು ಡೆಸಿಬೆಲ್ ಲೆಕ್ಕದಲ್ಲಿ ಹೇಳುವ ಅಂಕಿಯನ್ನು, ಬರೆದಿಟ್ಟುಕೊಳ್ಳತೊಡಗಿದೆವು. ಈ ಅಂಕಿಯನ್ನು ಅನೇಕ ಫೋನ್‌ಗಳ ಸೆಟ್ಟಿಂಗ್‌ನಲ್ಲಿ ಸಿಮ್‌ನ ವಿವರಗಳ ಪುಟದಲ್ಲಿ ಯಾರು ಬೇಕಾದರೂ ನೋಡಬಹುದು. ಅಂಕಿ ಋಣಾತ್ಮಕವಾಗಿರುವುದರಿಂದ ಮೈನಸ್ 80 ಎಂಬುದು ಮೈನಸ್ 110ಕ್ಕಿಂತ ಬಹಳ ಉತ್ತಮ. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧವಾಗುತ್ತದೆ, 10 ಇಳಿದರೆ ಹತ್ತನೇ ಒಂದು ಭಾಗ, 20 ಇಳಿದರೆ ನೂರನೇ ಒಂದು ಭಾಗ ಮಾತ್ರ ಉಳಿಯುತ್ತದೆ. ನೀರು ಮತ್ತು ಉಪ್ಪಿನಿಂದ ತುಂಬಿದ ನಮ್ಮ ಕೈ ರೇಡಿಯೋ ಅಲೆಗಳನ್ನು ಹೀರಿಕೊಳ್ಳುವುದಲ್ಲದೆ ಆಂಟೆನಾದ ಶ್ರುತಿಯನ್ನೂ ಕೆಡಿಸುವುದರಿಂದ, ಹಿಡಿದೊಡನೆ ಕೆಲವು ಡೆಸಿಬೆಲ್ ಇಳಿಯುವುದು ಯಾವ ಫೋನಿನಲ್ಲಾದರೂ ಸಹಜ. ಆದರೆ ಆ ಮೂರು ಸಲ ಬಂದ ಫೋನಿನಲ್ಲಿ ಇಳಿತ ಸಹಜದ ಮಿತಿಯನ್ನು ಎಷ್ಟೋ ಮೀರಿತ್ತು, ಮೇಜಿನ ಮೇಲಿಟ್ಟು ಅಂಚನ್ನು ಬೆರಳಿನಿಂದ ಒತ್ತಿದರೆ ಅಂಕಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಹಾಗೆ ಕುಣಿಯುವ ಅಂಕಿ ಕಂಡರೆ ಎಲ್ಲೋ ಒಂದು ಸಂಪರ್ಕ ಸಡಿಲವಾಗಿದೆ ಎಂದೇ ತಿಳಿಯಬೇಕು.

ಸಡಿಲವಾದದ್ದು ಬೋರ್ಡಿನಿಂದ ಲೋಹದ ಚೌಕಟ್ಟಿಗೆ ಅರ್ಥಿಂಗ್ ಕೊಡುವ ಒಂದು ಸ್ಪ್ರಿಂಗ್. ಅಲ್ಯೂಮಿನಿಯಂ ಚೌಕಟ್ಟಿಗೆ ಬಣ್ಣ ನಿಲ್ಲಲೆಂದು ಮಾಡುವ ಆನೊಡೈಸಿಂಗ್‌ನಿಂದ ಮೇಲ್ಮೈಯಲ್ಲಿ ವಿದ್ಯುತ್ ಹರಿಯಗೊಡದ ಆಕ್ಸೈಡ್ ಪದರ ಬೆಳೆಯುತ್ತದೆ. ಆದ್ದರಿಂದ ಸ್ಪ್ರಿಂಗ್ ಕೂರುವ ಜಾಗದಲ್ಲಿ ಆ ಪದರವನ್ನು ಪೂರ್ತಿ ಕೆರೆದು ಬರಿಯ ಲೋಹವನ್ನು ತೆರೆದಿಡಬೇಕು. ದೋಷವಿದ್ದ ಫೋನುಗಳಲ್ಲಿ ಅದು ಅರೆಬರೆ ಕೆರೆಯಲ್ಪಟ್ಟಿತ್ತು. ನಾವು ಪ್ರತಿಸಲ ಫೋನ್ ಬಿಚ್ಚಿ ಮತ್ತೆ ಮುಚ್ಚಿದಾಗ ಸ್ಪ್ರಿಂಗಿನ ತುದಿ ಆ ಪದರವನ್ನು ತುಸು ಗೀರಿ ಹೊಸ ಜಾಗದಲ್ಲಿ ಕೂರುತ್ತಿತ್ತು, ಕೆಲವು ದಿನ ಸಂಪರ್ಕ ಚೆನ್ನಾಗಿರುತ್ತಿತ್ತು, ಜೇಬಿನಲ್ಲಿ ಅಲುಗಾಡಿ ಅಲುಗಾಡಿ ಮತ್ತೆ ಕೆಡುತ್ತಿತ್ತು. ಅಂದರೆ ಬಿಚ್ಚುವ ಕ್ರಿಯೆಯೇ ತಾತ್ಕಾಲಿಕ ರಿಪೇರಿಯಾಗಿತ್ತು, ಸಾಕ್ಷ್ಯವನ್ನು ನಾವೇ ಅಳಿಸಿ ಆಮೇಲೆ ಹುಡುಕುತ್ತಿದ್ದೆವು. 700 ಮೆಗಾಹರ್ಟ್ಸ್‌ನಂಥ ಕೆಳ ಬ್ಯಾಂಡ್‌ಗಳಲ್ಲೇ, ಅಂದರೆ ನೆಟ್‌ವರ್ಕ್ ಬಳಸುವ ಕಡಿಮೆ ಆವರ್ತನದ ಅಲೆಗಳಲ್ಲೇ, ತೊಂದರೆ ಹೆಚ್ಚೇಕೆ ಎಂಬುದೂ ಆಗ ತಿಳಿಯಿತು. ಅಲ್ಲಿ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್. ಅಂಥ ಅಲೆಗೆ ಫೋನಿನ ಇಡೀ ಚೌಕಟ್ಟೇ ಆಂಟೆನಾದ ಭಾಗವಾಗಿ ಕೆಲಸ ಮಾಡಬೇಕು, ಚೌಕಟ್ಟಿನ ಅರ್ಥಿಂಗ್ ಕೈಕೊಟ್ಟರೆ ಮೊದಲು ಏಟು ಬೀಳುವುದು ಅದಕ್ಕೇ. ಕಟ್ಟಡದ ಒಳಗೆ ಗೋಡೆಗಳನ್ನು ದಾಟಿ ಬರುವುದೂ ಹೆಚ್ಚಾಗಿ ಇದೇ ಕೆಳ ಬ್ಯಾಂಡ್. ಕೋಣೆಯೊಳಗೆ ಸಿಗುವುದಿಲ್ಲ ಎಂಬ ದೂರು ಅಕ್ಷರಶಃ ನಿಜವಾಗಿತ್ತು.

ಇಷ್ಟು ತಿಳಿದ ಮೇಲೆ ಬೇರೆ ಕಡತವೊಂದನ್ನು ತೆರೆಯಬೇಕಾಯಿತು. ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ ಎಂಬ ದೂರುಗಳನ್ನು ಬ್ಯಾಟರಿ ತಂಡ ಪ್ರತ್ಯೇಕವಾಗಿ ನೋಡುತ್ತಿತ್ತು. ಟವರಿನಿಂದ ಸಿಗ್ನಲ್ ಕ್ಷೀಣವಾಗಿ ಬಂದಾಗ ಫೋನ್ ತನ್ನ ಕಡೆಯಿಂದ ಗಟ್ಟಿಯಾಗಿ ಕೂಗಬೇಕಾಗುತ್ತದೆ. ಸಾಮಾನ್ಯ 4ಜಿ ಫೋನ್‌ಗೆ ನಿಗದಿಯಾದ ಗರಿಷ್ಠ ಶಕ್ತಿ 23 ಡಿಬಿಎಂ, ಅಂದರೆ ಸುಮಾರು 200 ಮಿಲಿವ್ಯಾಟ್. ಅಷ್ಟನ್ನು ಹೊರಗೆ ಕಳುಹಿಸಲು ಆಂಪ್ಲಿಫೈಯರ್ ಬ್ಯಾಟರಿಯಿಂದ ಅದಕ್ಕಿಂತ ಹೆಚ್ಚನ್ನು ಎಳೆದುಕೊಳ್ಳುತ್ತದೆ, ಮಿಕ್ಕದ್ದು ಶಾಖವಾಗುತ್ತದೆ. ಎರಡೂ ಪಟ್ಟಿಗಳ ಸರಣಿ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಹಲವು ಫೋನುಗಳು ಎರಡರಲ್ಲೂ ಇದ್ದವು. ಎರಡು ತಂಡಗಳು ಒಂದೇ ಮಹಡಿಯಲ್ಲಿದ್ದವೆಂಬುದನ್ನೂ ಹೇಳಿಬಿಡುತ್ತೇನೆ.

ಆದರೂ ದೂರುಗಳಲ್ಲಿ ಒಂದು ಭಾಗ ಈ ಸ್ಪ್ರಿಂಗಿನ ಲೆಕ್ಕಕ್ಕೆ ಸೇರಲೇ ಇಲ್ಲ. ಆ ಫೋನುಗಳಲ್ಲಿ ಕಡ್ಡಿಗಳು ತುಂಬಿರುತ್ತಿದ್ದವು, ಡಿಬಿಎಂ ಕೂಡ ಚೆನ್ನಾಗಿಯೇ ಇರುತ್ತಿತ್ತು, ಆದರೆ ವಿಡಿಯೋ ಕರೆ ಮಾಡಿದೊಡನೆ ಮಾತು ತುಂಡಾಗುತ್ತಿತ್ತು. ಕ್ಯಾಮೆರಾದಿಂದ ಪ್ರೊಸೆಸರಿಗೆ ಚಿತ್ರದ ಮಾಹಿತಿ ಸಾಗಿಸುವ ತಂತಿಗಳು ಗಡಿಯಾರ ಎಂದು ಕರೆಯುವ ವಿದ್ಯುತ್ ಮಿಡಿತದ ತಾಳಕ್ಕೆ ಕೆಲಸ ಮಾಡುತ್ತವೆ, ಆ ಮಿಡಿತದ ಆವರ್ತನದ ಎರಡು ಪಟ್ಟು, ಮೂರು ಪಟ್ಟು ಹೀಗೆ ಹೆಚ್ಚಿನ ಆವರ್ತನಗಳಲ್ಲೂ ಗದ್ದಲ ಹುಟ್ಟುತ್ತದೆ. ಅವುಗಳಲ್ಲಿ ಒಂದು ರಿಸೀವರ್ ಕೇಳುತ್ತಿರುವ ಬ್ಯಾಂಡಿನೊಳಗೆ ಬಿದ್ದರೆ ಫೋನ್ ತನ್ನದೇ ಗದ್ದಲದಲ್ಲಿ ಟವರಿನ ಮಾತನ್ನು ಕೇಳಿಸಿಕೊಳ್ಳಲಾರದು. ಇಲ್ಲಿ ಸಿಗ್ನಲ್ ಕಡಿಮೆಯಾಗುವುದಿಲ್ಲ, ಗದ್ದಲ ಹೆಚ್ಚಾಗುತ್ತದೆ, ಆದ್ದರಿಂದ ನೋಡಬೇಕಾದದ್ದು ಸಿಗ್ನಲ್ ಮತ್ತು ಗದ್ದಲದ ಅನುಪಾತವನ್ನು. ಇದಕ್ಕೆ ಗಡಿಯಾರದ ಆವರ್ತನವನ್ನು ಅಪ್‌ಡೇಟ್‌ನಲ್ಲಿ ಸ್ವಲ್ಪ ಸರಿಸಿದರೆ ಸಾಕಾಯಿತು. ಅಪ್‌ಡೇಟ್‌ಗೆ ಕಾಯಿರಿ ಎಂದು ನಾವು ಕಣ್ಣುಮುಚ್ಚಿ ಎಲ್ಲರಿಗೂ ಹೇಳಿದ್ದ ಮಾತು ಇವರ ಪಾಲಿಗೆ ಆಕಸ್ಮಿಕವಾಗಿ ಸರಿಯಾಯಿತು. ಆ ಆಕಸ್ಮಿಕವನ್ನು ನಮ್ಮ ಮೇಲಿನವರು ಸಭೆಯಲ್ಲಿ ನಮ್ಮ ಪರವಾಗಿ ಬಳಸಿಕೊಂಡರು ಎಂಬುದು ಬೇರೆ ಮಾತು.

ಆಮೇಲೆ ಪರಿಶೀಲನೆಯ ಕ್ರಮವನ್ನೇ ಬದಲಾಯಿಸಿದೆವು. ಬಂದ ಫೋನನ್ನು ಬಳಕೆದಾರರ ಕವರ್ ಸಮೇತ, ಅವರು ಹೇಳಿದ ಕೈಯಲ್ಲೇ ಹಿಡಿದು, ಮಾತನಾಡುವಾಗ ಹಿಡಿಯುವಂತೆಯೂ ವಿಡಿಯೋ ನೋಡುವಾಗ ಹಿಡಿಯುವಂತೆಯೂ, ಕ್ಯಾಮೆರಾ ಆನ್ ಮತ್ತು ಆಫ್ ಎರಡೂ ಸ್ಥಿತಿಯಲ್ಲಿ, ದೋಷವಿಲ್ಲದ ಅದೇ ಮಾದರಿಯ ಫೋನೊಂದನ್ನು ಅದೇ ಜಾಗದಲ್ಲಿಟ್ಟು ಹೋಲಿಸಿ ಅಂಕಿ ಬರೆದುಕೊಳ್ಳುತ್ತೇವೆ. ಒಂದೇ ಅಂಕಿಯನ್ನು ನಂಬುವುದಿಲ್ಲ, ಏಕೆಂದರೆ ಒಂದು ಹೆಜ್ಜೆ ಆಚೀಚೆ ಸರಿದರೂ ಗೋಡೆಗಳಿಂದ ಪ್ರತಿಫಲಿಸಿದ ಅಲೆಗಳು ಒಂದಕ್ಕೊಂದು ಸೇರಿ ಇಲ್ಲವೇ ಒಂದನ್ನೊಂದು ಅಳಿಸಿ ಅಂಕಿಯನ್ನು ಬದಲಿಸಿಬಿಡುತ್ತವೆ. ಅನುಮಾನ ಉಳಿದರೆ ಅಲೆಗಳನ್ನು ಹೀರುವ ಫೋಮ್ ಹೊದಿಸಿದ ಗೋಡೆಗಳ ಕೋಣೆಯಲ್ಲಿ ಕೃತಕ ಕೈಯೊಂದರಲ್ಲಿ ಫೋನ್ ಕೂರಿಸಿ ಎಲ್ಲ ದಿಕ್ಕುಗಳಿಂದ ಅಳೆಯುತ್ತೇವೆ. ಸ್ಕ್ರೂಡ್ರೈವರ್ ಮತ್ತು ಕೇಬಲ್ ಹೊರಬರುವುದು ಇಷ್ಟೆಲ್ಲ ಆದ ಮೇಲೆ.

"ದೋಷ ಕಂಡುಬಂದಿಲ್ಲ" ಎಂಬ ಸಾಲನ್ನು ನಮೂನೆಯಿಂದ ತೆಗೆಯಲು ಒಪ್ಪಿಗೆ ಸಿಗಲಿಲ್ಲ. ಅದರ ಮುಂದೆ "ಯಾವ ಸ್ಥಿತಿಯಲ್ಲಿ ಪರೀಕ್ಷಿಸಿದಾಗ" ಎಂಬ ಖಾಲಿ ಜಾಗವನ್ನು ಸೇರಿಸಿದ್ದೇವೆ, ಅದನ್ನು ತುಂಬದೆ ಕಡತ ಮುಚ್ಚುವುದಿಲ್ಲ. ಮೂರು ಸಲ ಬಂದು ಹೋದ ಆ ಫೋನಿನ ಮಾಲೀಕರಿಗೆ ಬದಲಿ ಫೋನ್ ಕಳುಹಿಸಿ, ಹಿಂದಿನ ಎರಡು ವರದಿಗಳೂ ತಪ್ಪಾಗಿದ್ದವು ಎಂಬ ಪತ್ರವನ್ನು ನಾನೇ ಬರೆದೆ.