ಟ್ಯಾಬ್ ಎಂಟು ಇಂಚೋ ಹನ್ನೊಂದೋ: ಡೆಮಿ ಪುಟದ ಅಳತೆಯಲ್ಲಿ

ಯಾವುದಾದರೂ ಕನ್ನಡ ಪುಸ್ತಕದ ಮೊದಲ ಒಂದೆರಡು ಹಾಳೆ ತಿರುವಿ ನೋಡಿ. ಹಕ್ಕುಗಳ ಸಾಲಿನ ಹತ್ತಿರವೇ, ಪುಟಸಂಖ್ಯೆ, ಬೆಲೆ, ಕಾಗದದ ಜಿಎಸ್‌ಎಂ ಜೊತೆಗೆ ‘ಡೆಮಿ 1/8’ ಎಂದೋ ‘ಕ್ರೌನ್ 1/8’ ಎಂದೋ ಅಚ್ಚಾಗಿರುತ್ತದೆ. ಓದಲೆಂದು ಟ್ಯಾಬ್ ಕೊಳ್ಳುವವರಿಗೆ ಪೆಟ್ಟಿಗೆಯ ಮೇಲೆ ಬರೆದ ಇಂಚಿಗಿಂತ ಈ ಸಾಲೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಡೆಮಿ 1/8 ಎಂದರೆ ಸುಮಾರು 140 ಮಿಮೀ ಅಗಲ, 216 ಮಿಮೀ ಎತ್ತರ. ಕ್ರೌನ್ 1/8 ಅದಕ್ಕಿಂತ ಚಿಕ್ಕದು, ಸುಮಾರು 127ಕ್ಕೆ 190. ಸರ್ಕಾರಿ ಆದೇಶ, ಪ್ರಬಂಧ, ಕೋಚಿಂಗ್ ನೋಟ್ಸ್ ಎಲ್ಲ ಎ4, ಅಂದರೆ 210ಕ್ಕೆ 297.

ಇಂಗ್ಲಿಷ್ ಓದುವವರಿಗೆ ಈ ಲೆಕ್ಕ ಅಷ್ಟಾಗಿ ಬೇಕಿಲ್ಲ. ಅವರ ಪುಸ್ತಕಗಳು ಬಹುಪಾಲು ಇ-ಪಬ್ ರೂಪದಲ್ಲಿ ಸಿಗುತ್ತವೆ, ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿಯೇ ಮುರಿದು ಕೂರುತ್ತವೆ. ನಮ್ಮ ಕಥೆ ಬೇರೆ. ಕನ್ನಡದಲ್ಲಿ ಓದಲು ಸಿಗುವುದರಲ್ಲಿ ಬಹಳಷ್ಟು ಪಿಡಿಎಫ್, ಅದರಲ್ಲೂ ಎರಡು ಬಗೆಯ ಹಟಮಾರಿ ಪಿಡಿಎಫ್. ಒಂದು, ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳಂಥವು. ಪುಟವೆಂದರೆ ಬರೀ ಚಿತ್ರ. ಇನ್ನೊಂದು, ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಡಿಟಿಪಿ ಮಾಡಿದವು. ಕಣ್ಣಿಗೆ ಕನ್ನಡವೇ ಕಾಣುತ್ತದೆ, ಆದರೆ ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಎರಡರಲ್ಲೂ ಅಕ್ಷರ ಹಿಗ್ಗಿಸಿ ಸಾಲು ಮುರಿಯುವ ಸೌಲಭ್ಯ ಕೆಲಸಕ್ಕೆ ಬರುವುದಿಲ್ಲ. ಪುಟ ಹೇಗಿದೆಯೋ ಹಾಗೇ ಪರದೆಯಲ್ಲಿ ಕೂರಬೇಕು.

ನಿಮ್ಮ ಹತ್ತಿರವಿರುವ ಫೈಲು ಯಾವ ಜಾತಿಯದು ಎಂದು ತಿಳಿಯಲು, ಪುಟದಲ್ಲಿ ಎದ್ದು ಕಾಣುವ ಒಂದು ಪದವನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಟೈಪ್ ಮಾಡಿ. ಸಿಕ್ಕರೆ ಯುನಿಕೋಡ್, ಅಂದರೆ ಕಂಪ್ಯೂಟರು ಕನ್ನಡವೆಂದೇ ಗುರುತಿಸುವ, ಅಕ್ಷರ ಹಿಗ್ಗಿಸಿ ಓದಲು ಒಗ್ಗುವ ಫೈಲು. ಕಣ್ಣೆದುರೇ ಇರುವ ಪದ ‘ಸಿಗಲಿಲ್ಲ’ ಎಂದರೆ ಮೇಲಿನ ಎರಡರಲ್ಲಿ ಒಂದು. ಹತ್ತು ಫೈಲು ಹೀಗೆ ನೋಡಿ. ಎಂಟು ಯುನಿಕೋಡ್ ಬಂದರೆ ಚಿಕ್ಕ ಟ್ಯಾಬೇ ಸಾಕು, ಮುಂದಿನ ಲೆಕ್ಕಗಳನ್ನು ಬಿಟ್ಟು ತೂಕದ ಭಾಗಕ್ಕೆ ಹೋಗಬಹುದು.

ಈಗ ಪರದೆಯ ಅಳತೆ. ಪೆಟ್ಟಿಗೆಯ ಮೇಲಿನ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು, ಅದು ಅಗಲವನ್ನು ಹೇಳುವುದಿಲ್ಲ. ಪಿಕ್ಸೆಲ್ ಸಂಖ್ಯೆಯನ್ನು ಇಂಚಿಗೆಷ್ಟು ಪಿಕ್ಸೆಲ್ ಎಂಬುದರಿಂದ ಭಾಗಿಸಿ, 25.4ರಿಂದ ಗುಣಿಸಿದರೆ ಮಿಮೀ ಸಿಗುತ್ತದೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9, 8.7 ಇಂಚಿನದು, 113ಕ್ಕೆ 190 ಮಿಮೀ. ಅದರ ಅಣ್ಣ ಎ9 ಪ್ಲಸ್, 11 ಇಂಚಿನದು, 148ಕ್ಕೆ 237. ಐಪ್ಯಾಡ್ ಮಿನಿ, 8.3 ಇಂಚು, 116ಕ್ಕೆ 177. 11 ಇಂಚಿನ ಐಪ್ಯಾಡ್ ಏರ್ 158ಕ್ಕೆ 227, 13 ಇಂಚಿನ ಏರ್ 197ಕ್ಕೆ 263. ಮಿನಿ 8.3 ಆಗಿದ್ದರೂ 8.7ರ ಎ9ಗಿಂತ ಅಗಲ ಹೆಚ್ಚು ಎಂಬುದನ್ನು ಗಮನಿಸಿ. ಎ9 ಉದ್ದಕ್ಕೆ ಎಳೆದ ಪರದೆ, ಮಿನಿ ಪುಸ್ತಕದ ಆಕಾರಕ್ಕೆ ಹತ್ತಿರದ್ದು. ಇನ್ನೊಂದು: 8.7ರಿಂದ 11ಕ್ಕೆ ಬರೀ ಎರಡು ಚಿಲ್ಲರೆ ಇಂಚಿನ ವ್ಯತ್ಯಾಸ ಅನ್ನಿಸುತ್ತದೆ, ಆದರೆ ಪರದೆಯ ವಿಸ್ತೀರ್ಣ ಶೇ 60ಕ್ಕೂ ಹೆಚ್ಚು ಬೆಳೆಯುತ್ತದೆ.

ಡೆಮಿ ಪುಟವನ್ನು 11 ಇಂಚಿನ ಯಾವುದೇ ಟ್ಯಾಬ್‌ನಲ್ಲಿ ತೆರೆಯಿರಿ, ಅಚ್ಚಿನ ಗಾತ್ರಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿಯೇ ಕಾಣುತ್ತದೆ, ಸುಮಾರು ಶೇ 105. ಅದೇ ಪುಟ ಮಿನಿಯಲ್ಲಿ ಶೇ 82, ಎ9ನಲ್ಲಿ ಶೇ 81. ಎ4 ಪುಟ ಹಾಕಿದರೆ ನಿಜವಾದ ತೊಂದರೆ ಶುರು: 13 ಇಂಚಿನ ಐಪ್ಯಾಡ್‌ನಲ್ಲಿ ಶೇ 88, 11 ಇಂಚಿನದರಲ್ಲಿ ಶೇ 75, ಎ9 ಪ್ಲಸ್‌ನಲ್ಲಿ ಶೇ 70, ಚಿಕ್ಕವೆರಡರಲ್ಲೂ ಶೇ 55ರ ಆಸುಪಾಸು. 12 ಪಾಯಿಂಟಿನ ಅಕ್ಷರ ಮಿನಿಯಲ್ಲಿ ಆರೂವರೆ ಪಾಯಿಂಟಿಗೆ ಇಳಿಯುತ್ತದೆ. ಔಷಧಿ ಡಬ್ಬಿಯ ಜೊತೆ ಬರುವ ಮಡಿಕೆ ಚೀಟಿಯಲ್ಲಿ ಓದಿದ ಹಾಗೆ.

ಇಂಗ್ಲಿಷ್ ಅಕ್ಷರ ಇಷ್ಟು ಕುಗ್ಗಿದರೂ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡ ಹಾಗಲ್ಲ. ದ-ಧ, ಪ-ಷ, ರ-ಠ ಇವುಗಳ ನಡುವಿನ ವ್ಯತ್ಯಾಸ ಒಂದು ಸೀಳು, ಒಂದು ಗೀರು, ಒಂದು ಚುಕ್ಕೆ. ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’ ಎಂಬಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು. 12 ಪಾಯಿಂಟಿನ ಅಚ್ಚಿನಲ್ಲಿ ಒಂದು ಒತ್ತಿನ ಎತ್ತರ ಸುಮಾರು ಒಂದೂವರೆ ಮಿಮೀ. ಎ9ನಲ್ಲಿ ಇಂಚಿಗೆ 179 ಪಿಕ್ಸೆಲ್, ಅಂದರೆ ಪೂರ್ಣ ಗಾತ್ರದಲ್ಲಿ ಆ ಒತ್ತಿಗೆ ಸಿಗುವುದು ಹತ್ತು ಪಿಕ್ಸೆಲ್. ಎ4 ಪುಟವನ್ನು ಕುಗ್ಗಿಸಿದಾಗ ಐದಾರು. ಐದಾರು ಪಿಕ್ಸೆಲ್‌ನಲ್ಲಿ ರ-ವತ್ತೂ ಯ-ವತ್ತೂ ಒಂದೇ ಮಸಿಚುಕ್ಕೆ. ಮಿನಿಯಲ್ಲಿ ಇಂಚಿಗೆ 326 ಪಿಕ್ಸೆಲ್ ಇರುವುದರಿಂದ ಅಷ್ಟೇ ಕುಗ್ಗಿದರೂ ಹತ್ತು ಉಳಿಯುತ್ತದೆ, ಆಕಾರ ಕೆಡುವುದಿಲ್ಲ. ಚಿಕ್ಕದಾಗಿರುವುದು ಬೇರೆ, ಮಸುಕಾಗಿರುವುದು ಬೇರೆ. ಚಿಕ್ಕದನ್ನು ಹಿಗ್ಗಿಸಿ ಓದಬಹುದು, ಆದರೆ ಪಿಕ್ಸೆಲ್ ಕಡಿಮೆಯಿರುವ ಪರದೆಯಲ್ಲಿ ಪ್ರತಿ ಪುಟವನ್ನೂ ಹಿಗ್ಗಿಸುತ್ತಲೇ ಇರಬೇಕಾಗುತ್ತದೆ.

ಚಿಕ್ಕ ಟ್ಯಾಬ್‌ನ ಪರವಾಗಿ ಒಂದು ಉಪಾಯವಿದೆ, ಹೆಚ್ಚಿನವರು ಬಳಸುವುದೇ ಇಲ್ಲ. ಅಂಚು ಕತ್ತರಿಸುವುದು. ಡೆಮಿ ಪುಟ 140 ಮಿಮೀ ಅಗಲವಿದ್ದರೂ ಅಕ್ಷರವಿರುವ ಜಾಗ 105ರಿಂದ 110 ಮಿಮೀ ಮಾತ್ರ, ಉಳಿದದ್ದು ಖಾಲಿ ಅಂಚು. ಅದನ್ನು ಕತ್ತರಿಸಿದರೆ 113 ಮಿಮೀ ಅಗಲದ ಎ9ನಲ್ಲೂ ಅಕ್ಷರ ಅಚ್ಚಿನ ಗಾತ್ರಕ್ಕೇ ಬಂದು ನಿಲ್ಲುತ್ತದೆ. ಆಂಡ್ರಾಯ್ಡ್‌ನಲ್ಲಿ ರೀಡ್‌ಎರಾ, ಐಪ್ಯಾಡ್‌ನಲ್ಲಿ ಗುಡ್‌ರೀಡರ್ ಈ ಕೆಲಸ ಮಾಡುತ್ತವೆ. ಎಡವುವುದು ಎಲ್ಲಿ ಎಂದರೆ ಸ್ಕ್ಯಾನ್ ಪುಟಗಳಲ್ಲಿ. ಸ್ಕ್ಯಾನರ್ ಬಿಟ್ಟ ಕಪ್ಪು ಪಟ್ಟಿಯನ್ನೂ ಅಕ್ಷರವೆಂದೇ ಬಗೆದು, ತಾನಾಗಿ ಕತ್ತರಿಸುವ ವ್ಯವಸ್ಥೆ ಏನನ್ನೂ ಕತ್ತರಿಸದೆ ಸುಮ್ಮನಿರುತ್ತದೆ. ಆಗ ಕೈಯಾರೆ ಚೌಕ ಎಳೆಯಬೇಕು. ಎಡಪುಟ ಬಲಪುಟಗಳ ಅಂಚು ಬೇರೆ ಬೇರೆ ಇರುವುದರಿಂದ ಸಮ ಪುಟಗಳಿಗೆ ಒಂದು, ಬೆಸಕ್ಕೆ ಒಂದು ಚೌಕ ಇಡಿ, ಅದರಲ್ಲೂ ನಾಲ್ಕೈದು ಮಿಮೀ ಸಡಿಲ ಬಿಡಿ. ಓರೆಯಾಗಿ ಸ್ಕ್ಯಾನ್ ಆದ ಪುಟದ ಕೊನೆಯ ಅಕ್ಷರಗಳು ಇಲ್ಲವಾದರೆ ಮಾಯ.

ಎ4 ನೋಟ್ಸ್ ಚಿಕ್ಕ ಟ್ಯಾಬ್‌ನಲ್ಲೇ ಓದಬೇಕಾದಾಗ ಅಡ್ಡ ತಿರುಗಿಸಿ. ಮಿನಿಯಲ್ಲಿ ಅಗಲ 177 ಸಿಗುತ್ತದೆ, ಅಕ್ಷರ ಶೇ 84ಕ್ಕೆ ಏರುತ್ತದೆ, ಒಂದು ಸಲಕ್ಕೆ ಅರ್ಧ ಪುಟಕ್ಕಿಂತ ತುಸು ಕಡಿಮೆ ಕಾಣುತ್ತದೆ. ಗದ್ಯಕ್ಕೆ ತೊಂದರೆಯಿಲ್ಲ. ಲೆಕ್ಕದ ಪುಸ್ತಕ, ಸರ್ಕಿಟ್ ಚಿತ್ರ, ಕೋಷ್ಟಕ ಇದ್ದಲ್ಲಿ ಮೇಲೆ ಕೆಳಗೆ ಎಳೆದಾಡುತ್ತಾ ತಲೆ ಕೆಡುತ್ತದೆ. ಎಂಜಿನಿಯರಿಂಗ್ ಅಥವಾ ಸ್ಪರ್ಧಾತ್ಮಕ ಪರೀಕ್ಷೆಯ ಓದಿಗೆ 8 ಇಂಚಿನದನ್ನು ಕೊಡಿಸಬೇಡಿ ಎನ್ನುವುದು ಇದಕ್ಕೇ.

ಹಾಗಾದರೆ ದೊಡ್ಡದೇ ಸರಿಯಲ್ಲವೇ ಎಂದರೆ, ತೂಕ. ಎ9 332 ಗ್ರಾಂ, ಐಪ್ಯಾಡ್ ಮಿನಿ 293. ಎ9 ಪ್ಲಸ್ 480, 13 ಇಂಚಿನ ಏರ್ 600ಕ್ಕಿಂತ ಹೆಚ್ಚು. ಕಾಗದದ ಮೇಲೆ ಈ ಅಂಕಿಗಳು ಏನೂ ಅನ್ನಿಸುವುದಿಲ್ಲ. ಫ್ರಿಜ್‌ನಿಂದ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ತೆಗೆದು, ಮೊಣಕೈ ಎಲ್ಲಿಯೂ ಊರದೆ ಮುಖದ ಮುಂದೆ ಹಿಡಿದು ಹತ್ತು ನಿಮಿಷ ನಿಲ್ಲಿ. ಪ್ಯಾಕೆಟ್ 515 ಗ್ರಾಂ ಆಸುಪಾಸು, ಅಂದರೆ ಕವರ್ ಹಾಕದ 11 ಇಂಚಿನ ಟ್ಯಾಬ್‌ಗಿಂತ ತುಸು ಹೆಚ್ಚು. ಪುಸ್ತಕದಂತೆ ಮಡಚುವ ಕವರ್ ಸೇರಿಸಿದರೆ ಇನ್ನೂರು ಗ್ರಾಂ ಮೇಲೆ ಬೀಳುತ್ತದೆ. ತೂಕಕ್ಕಿಂತಲೂ ಹಿಡಿತ ಮುಖ್ಯ: ಎ9 ಮೈಯಗಲ 125 ಮಿಮೀ, ಮಿನಿಯದು 135, ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ಬೆರಳು ಹಾಕಿ ಅಂಗೈಯಲ್ಲಿ ಕೂರಿಸಬಹುದು. 11 ಇಂಚಿನವು 170 ಮಿಮೀ ಸುತ್ತಮುತ್ತ, ಒಂದು ಕೈಗೆ ಒಗ್ಗುವುದಿಲ್ಲ. ಕೆಳಗಿನ ಮೂಲೆ ಹಿಡಿದರೆ ಭಾರವೆಲ್ಲ ಮಣಿಕಟ್ಟಿಗೆ. ಬಸ್ಸಿನಲ್ಲಿ ನಿಂತು ಓದುವವರು, ಮಲಗಿ ಓದುವವರು ಚಿಕ್ಕದನ್ನೇ ತೆಗೆದುಕೊಳ್ಳಿ. ದೊಡ್ಡದು ಮೇಜಿನ ಮೇಲೆ, ತೊಡೆಯ ಮೇಲಿನ ದಿಂಬಿನ ಮೇಲೆ, ವ್ಯಾಸಪೀಠದ ಮೇಲೆ ಬಾಳುವ ವಸ್ತು. (ಮನೆಯಲ್ಲಿ ಹಳೆಯ ಮಡಚುವ ವ್ಯಾಸಪೀಠ ಇದ್ದರೆ ದುಡ್ಡು ಕೊಟ್ಟು ಸ್ಟ್ಯಾಂಡ್ ತರಬೇಡಿ. ಅದರಷ್ಟು ಒಳ್ಳೆಯ ಕೋನ ಯಾವ ಸ್ಟ್ಯಾಂಡೂ ಕೊಡುವುದಿಲ್ಲ.)

ನಲವತ್ತು ದಾಟಿದವರ ಲೆಕ್ಕ ತುಸು ಬೇರೆ. ಚಿಕ್ಕ ಪರದೆಯನ್ನು ಒಂದಡಿ ದೂರದಲ್ಲಿ ಹಿಡಿಯುವುದು ರೂಢಿ, ಆದರೆ ಚಾಳೀಸು ಬಂದ ಕಣ್ಣು ಅದನ್ನು ಒಂದೂವರೆ ಅಡಿಗೆ ತಳ್ಳುತ್ತದೆ. ದೂರ ಒಂದೂವರೆ ಪಟ್ಟಾದಾಗ ಅಕ್ಷರವೂ ಅಷ್ಟೇ ದೊಡ್ಡದಾಗಬೇಕು. ಮಿನಿಯಿಂದ 11ಕ್ಕೆ ಹೋದರೆ ಎ4 ಪುಟದ ಅಕ್ಷರ ಬೆಳೆಯುವುದು ಒಂದೂಕಾಲು ಪಟ್ಟಿಗೂ ಸ್ವಲ್ಪ ಹೆಚ್ಚು, 13ಕ್ಕೆ ಹೋದರೆ ಒಂದೂವರೆ ಪಟ್ಟಿಗೂ ಮೇಲೆ. ಅಪ್ಪ-ಅಮ್ಮನಿಗೆಂದು ‘ಹಗುರವಾಗಿರಲಿ’ ಎಂದು ಚಿಕ್ಕದು ತಂದುಕೊಟ್ಟರೆ ಅದು ಕಪಾಟು ಸೇರುವುದು ಈ ಕಾರಣಕ್ಕೆ.

ಪರದೆಯನ್ನು ಎರಡು ಭಾಗ ಮಾಡಿ ಒಂದೆಡೆ ಪಾಠ, ಇನ್ನೊಂದೆಡೆ ಟಿಪ್ಪಣಿ ಇಡುವವರಿಗೆ ಒಂದೇ ಅಂಕಿ ಸಾಕು. 11 ಇಂಚಿನದನ್ನು ಅಡ್ಡ ಇಟ್ಟು ಅರ್ಧ ಮಾಡಿದರೆ ಒಂದೊಂದು ಭಾಗ 113ರಿಂದ 118 ಮಿಮೀ, ಅಂದರೆ ಅಕ್ಕಪಕ್ಕ ಎರಡು ಮಿನಿ ಇಟ್ಟಷ್ಟು ಅಗಲ. ಮಿನಿಯನ್ನೇ ಹಾಗೆ ಅರ್ಧ ಮಾಡಿದರೆ ಉಳಿಯುವುದು 88 ಮಿಮೀ, ಫೋನಿಗಿಂತ ಸ್ವಲ್ಪ ಅಗಲ ಅಷ್ಟೇ.

ಕೈಬರಹಕ್ಕೆ ಬಂದರೆ, ಮೊದಲು ಪೆನ್ ಕೆಲಸ ಮಾಡುತ್ತದೆಯೇ ನೋಡಿ. ಎ9, ಎ9 ಪ್ಲಸ್ ಎರಡಕ್ಕೂ ಸ್ಯಾಮ್‌ಸಂಗ್‌ನದೇ ಎಸ್ ಪೆನ್ ಹಿಡಿಸುವುದಿಲ್ಲ. ಅಂಗಡಿಯಲ್ಲಿ ಕೊಡುವ ರಬ್ಬರ್ ತುದಿಯ ಕಡ್ಡಿಯಲ್ಲಿ ಬರೆದರೆ ಅಂಗೈ ತಗುಲಿದಲ್ಲೆಲ್ಲ ಗೀಚು ಬೀಳುತ್ತದೆ. 2024ರ ಐಪ್ಯಾಡ್ ಮಿನಿಗೆ ಆ್ಯಪಲ್‌ನ ಪೆನ್ಸಿಲ್ ಪ್ರೊ ಮತ್ತು ಯುಎಸ್‌ಬಿ-ಸಿ ಪೆನ್ಸಿಲ್ ಎರಡೂ ಆಗುತ್ತವೆ. ಕನ್ನಡಕ್ಕೆ ಒತ್ತು ಕೆಳಗಿಳಿಯುವುದರಿಂದ ಗೆರೆಯ ಅಂತರ ಹತ್ತು ಮಿಮೀಯಾದರೂ ಬೇಕು. ಮಿನಿಯನ್ನು ನಿಲ್ಲಿಸಿ ಹಿಡಿದರೆ ಹದಿನೈದು ಸಾಲು, ಅಡ್ಡ ಹಿಡಿದರೆ ಒಂಬತ್ತು ಹತ್ತು. ಕೊನೆಯ ಸಾಲುಗಳನ್ನು ಬರೆಯುವಾಗ ಅಂಗೈ ಅಂಚಿನಿಂದ ಜಾರುತ್ತದೆ. ಅಂಗಡಿ ಲೆಕ್ಕ, ಫೋನ್ ನಂಬರು ಗುರುತಿಸಲು ಸಾಕು. ತರಗತಿಯ ಟಿಪ್ಪಣಿಗೆ 11 ಬೇಕೇ ಬೇಕು.

ಪರದೆಯ ಮೇಲೆ ಟೈಪ್ ಮಾಡುವುದರಲ್ಲಿ ಮಾತ್ರ ಚಿಕ್ಕದೇ ಗೆಲ್ಲುತ್ತದೆ, ಎರಡು ಹೆಬ್ಬೆರಳು ನಡುವಿನ ಕೀಲಿಯವರೆಗೂ ತಲುಪುತ್ತವೆ. 13 ಇಂಚಿನದಕ್ಕೆ ಟ್ರ್ಯಾಕ್‌ಪ್ಯಾಡ್ ಇರುವ ಕೀಬೋರ್ಡ್ ಕವರ್ ಜೋಡಿಸಿದರೆ ಒಟ್ಟು ಭಾರ 13 ಇಂಚಿನ ಮ್ಯಾಕ್‌ಬುಕ್ ಏರ್‌ನ 1.24 ಕೆಜಿಯ ಆಸುಪಾಸಿಗೆ ಬರುತ್ತದೆ. ಅಲ್ಲಿಗೆ ಬಂದ ಮೇಲೆ ಲ್ಯಾಪ್‌ಟಾಪನ್ನೇ ಕೊಳ್ಳುವುದು ಲೇಸು.

ಬ್ಯಾಟರಿ ದೊಡ್ಡದಿದ್ದರೆ ಹೆಚ್ಚು ಹೊತ್ತು ಬರುತ್ತದೆ ಎಂಬುದು ಅರ್ಧ ಸತ್ಯ. ಮಿನಿಯದು 19.3 ವ್ಯಾಟ್-ಅವರ್, 13 ಇಂಚಿನ ಏರ್‌ನದು 36.59, ಆದರೂ ಆ್ಯಪಲ್ ಎರಡಕ್ಕೂ ಹೇಳುವುದು ಹತ್ತೇ ಗಂಟೆ. ಹೆಚ್ಚಾದ ಶಕ್ತಿಯೆಲ್ಲ ದೊಡ್ಡ ಪರದೆಯನ್ನು ಬೆಳಗಿಸಲು ಖರ್ಚಾಗುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿರುವುದು 37 ವ್ಯಾಟ್-ಅವರ್, ನಷ್ಟ ಕಳೆದು ಕೈಗೆ ಬರುವುದು 25ರ ಹತ್ತಿರ. ಮಿನಿ ಒಮ್ಮೆ ತುಂಬಿ ಸ್ವಲ್ಪ ಮಿಗುತ್ತದೆ, ದೊಡ್ಡದು ತುಂಬುವುದೇ ಇಲ್ಲ.

ಸಿನಿಮಾ ನೋಡಲೆಂದೇ ದೊಡ್ಡದು ಬೇಕೆನ್ನುವವರು ಹಣ ಕೊಡುವ ಮುನ್ನ ಡಿಆರ್‌ಎಂ ಇನ್ಫೋ ಎಂಬ ಆ್ಯಪ್ ಹಾಕಿ, ವೈಡ್‌ವೈನ್ (ವೀಡಿಯೊ ನಕಲಾಗದಂತೆ ಕಾಯುವ ವ್ಯವಸ್ಥೆ) ಸಾಲಿನಲ್ಲಿ ‘ಎಲ್1’ ಇದೆಯೇ ನೋಡಿ. ಕೆಲವು ಅಗ್ಗದ ಟ್ಯಾಬ್‌ಗಳಲ್ಲಿ ಅಲ್ಲಿ ‘ಎಲ್3’ ಇರುತ್ತದೆ. ಆಗ ಓಟಿಟಿ ಆ್ಯಪ್‌ಗಳು ಎಚ್‌ಡಿ ಕೊಡುವುದಿಲ್ಲ, 11 ಇಂಚಿನಲ್ಲಿ ಮಂಜು ಕವಿದ ಚಿತ್ರವನ್ನು ನೋಡಬೇಕು.

ಹಳೆಯದನ್ನು ಕೊಳ್ಳುವವರಿಗೆ 2021ರ ಐಪ್ಯಾಡ್ ಮಿನಿ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನು ನಿಲ್ಲಿಸಿ ಹಿಡಿದು ಉದ್ದದ ಬರಹವೊಂದನ್ನು ಬೇಗ ಬೇಗ ಮೇಲಕ್ಕೆ ಸರಿಸಿ ನೋಡಿ. ಪರದೆಯ ಒಂದು ಪಕ್ಕ ಇನ್ನೊಂದಕ್ಕಿಂತ ಚೂರು ಹಿಂದೆ ಬಿದ್ದು, ಸಾಲುಗಳು ಓರೆಯಾಗಿ ಜೆಲ್ಲಿಯಂತೆ ಅಲುಗಿದರೆ ಅದು ಆ ಪರದೆಯ ಸ್ವಭಾವ, ರಿಪೇರಿಯಿಂದ ಹೋಗುವುದಿಲ್ಲ. ಪುಟ ಮಗುಚಿ ಓದುವವರಿಗೆ ಅದು ಕಾಣುವುದೂ ಇಲ್ಲ. ಸುದ್ದಿ ತಾಣಗಳನ್ನು ಸರಿಸುತ್ತಾ ಓದುವವರು ಮಾತ್ರ ಅಂಗಡಿಯಲ್ಲೇ ಐದು ನಿಮಿಷ ಸರಿಸಿ ನೋಡಿ ತೀರ್ಮಾನಿಸಿ.