ಕಾಲರ್ ಅಟ್ಯಾಚ್ ನಿಂತರೆ ಬ್ಯಾಚೇ ನಿಂತ ಹಾಗೆ

ಗಾರ್ಮೆಂಟ್ಸ್‌ಗೆ ಟೈಲರ್ ಆಗಿ ಸೇರಿದವಳು ನಾನು, ಈಗ ಒಂದು ಫ್ಲೋರ್ ನೋಡಿಕೊಳ್ಳುತ್ತೇನೆ. ಹೊಸದಾಗಿ ಸೂಪರ್‌ವೈಸರ್ ಆದ ಹುಡುಗರು ಬಂದು ಕೇಳೋದು ಒಂದೇ ಪ್ರಶ್ನೆ: "ಮೇಡಂ, ಇವರ ಕೈಲಿ ಟಾರ್ಗೆಟ್ ತೆಗೆಯೋದು ಹೇಗೆ?" ಉತ್ತರ ಹೇಳೋ ಬದಲು ಅವರನ್ನು ಕಾಲರ್ ಅಟ್ಯಾಚ್, ಅಂದರೆ ಶರ್ಟಿಗೆ ಕಾಲರ್ ಕೂಡಿಸೋ ಮೆಷಿನ್ ಪಕ್ಕ ಕರೆದುಕೊಂಡು ಹೋಗಿ ನಿಲ್ಲಿಸುತ್ತೇನೆ.

ಲೆಕ್ಕ ನೋಡಿ. ಒಂದು ಫುಲ್ ಸ್ಲೀವ್ ಶರ್ಟಿಗೆ ಐ.ಇ.ಯವರು (ಯಾವ ಕೆಲಸಕ್ಕೆ ಎಷ್ಟು ಹೊತ್ತು ಅಂತ ಅಳೆಯೋ ಇಂಜಿನಿಯರುಗಳು) 24 ನಿಮಿಷ ಕೊಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಒಂದು ಶರ್ಟನ್ನು ಕೈಯಿಂದ ಕೈಗೆ ದಾಟಿಸಿ ಹೊಲಿಯೋ ಸಾಲಿಗೆ ಬ್ಯಾಚ್ ಅಂತೀವಿ, ಅದರಲ್ಲಿ 48 ಟೈಲರ್. ಎಂಟು ಗಂಟೆ ಅಂದರೆ 480 ನಿಮಿಷ. ನೂರಕ್ಕೆ ನೂರು ನಡೆದರೆ ದಿನಕ್ಕೆ 960 ಪೀಸು. ಹಾಗೆ ನಡೆಯೋ ಬ್ಯಾಚನ್ನು ನಾನಂತೂ ಕಂಡಿಲ್ಲ. 60 ಪರ್ಸೆಂಟ್ ಹಿಡಿದರೆ 576, ಗಂಟೆಗೆ 72. ಲೆಕ್ಕ ಬರೆಯೋ ರೈಟರ್ ಬೋರ್ಡಿನ ಮೇಲೆ 72 ಅಂತ ಬರೀತಾಳೆ. ಆದರೆ ಕಾಲರ್ ಅಟ್ಯಾಚ್‌ನಲ್ಲಿ ಗಂಟೆಗೆ 50 ಮಾತ್ರ ಆಗ್ತಿದ್ದರೆ, ಶೋಲ್ಡರ್ ಮಾಡೋಳು 90 ಹೊಡೆದರೂ ಕೊನೆಗೆ ಬ್ಯಾಚಿಂದ ಬೀಳೋದು 50. ಒಂದು ಕಡೆ ಬಂಡಲ್ ರಾಶಿ ಬಿದ್ದಿರುತ್ತೆ, ಇನ್ನೊಂದು ಕಡೆ ಸ್ಲೀವ್, ಕಫ್ ಹಾಕೋರು ಪೀಸ್ ಬರಲಿ ಅಂತ ಕೈಕಟ್ಟಿ ಕೂತಿರುತ್ತಾರೆ. ಸೂಪರ್‌ವೈಸರ್ ಕಣ್ಣಿಗೆ ಬೀಳೋದು ಕೂತಿರೋರು. ಬೈಗುಳ ಅವರಿಗೇ. ತಪ್ಪಿಲ್ಲದೆ ಬೈಸಿಕೊಂಡವಳು ಮಧ್ಯಾಹ್ನದ ಮೇಲೆ ಜೋರಾಗಿ ಹೊಲೀತಾಳೆ ಅಂದುಕೊಂಡರೆ ಅದು ನಿಮ್ಮ ಭ್ರಮೆ.

ಕಾಲರ್ ಹಾಕೋಕೆ ಬರೋರು ಬ್ಯಾಚಿನಲ್ಲಿ ಇನ್ನಿಬ್ಬರಾದರೂ ಇರ್ತಾರೆ. ಬೇರೆ ಫ್ಯಾಕ್ಟರಿಯಲ್ಲಿ ಅದನ್ನೇ ಮಾಡಿ ಬಂದಿರ್ತಾರೆ. ಆದರೆ ಬಾಯಿ ಬಿಡಲ್ಲ. ಯಾಕೆ ಬಿಡಬೇಕು? ಬರುತ್ತೆ ಅಂತ ಗೊತ್ತಾದ ದಿನದಿಂದ ಯಾರು ರಜಾ ಹಾಕಿದರೂ ಅವಳನ್ನೇ ಎಬ್ಬಿಸಿ ಕೂರಿಸ್ತಾರೆ, ಸಂಬಳ ಮಾತ್ರ ಹಳೇದೇ. ಕೈಗೆ ಕೂತ ಮೆಷಿನ್ ಬಿಟ್ಟು ಹೋದಾಗ ಪೀಸ್ ಕಮ್ಮಿಯಾದರೆ ಅದಕ್ಕೂ ಅವಳೇ ಉತ್ತರ ಕೊಡಬೇಕು. ಹೆಂಗಸರು ಕೆಲಸ ಕಲಿಯಲ್ಲ, ಆಸಕ್ತಿ ಇಲ್ಲ ಅಂತ ಆಫೀಸಿನಲ್ಲಿ ಎ.ಸಿ. ಕೆಳಗೆ ಕೂತು ಹೇಳೋರಿಗೆ ಇದು ಗೊತ್ತಿಲ್ಲ. ಕಲಿತದ್ದನ್ನು ಬಚ್ಚಿಡೋದೇ ಲಾಭ ಅನ್ನೋ ವ್ಯವಸ್ಥೆ ಮಾಡಿಟ್ಟವರು ನಾವು.

ನಮ್ಮ ಫ್ಲೋರಿನಲ್ಲಿ ಬದಲಾದದ್ದು ಇಷ್ಟೇ. ಕಾಲರ್, ಸ್ಲೀವ್, ಕಫ್ ಈ ಮೂರರಲ್ಲಿ ಎರಡು ಕೈಗೆ ಬಂದರೆ ಗ್ರೇಡ್ ಏರುತ್ತೆ, ಆ ತಿಂಗಳಿಂದಲೇ ಸಂಬಳವೂ ಏರುತ್ತೆ. ಯಾರಿಗೆ ಏನು ಬರುತ್ತೆ ಅನ್ನೋ ಪಟ್ಟಿ ಬ್ಯಾಚಿನ ಕಂಬದ ಮೇಲೆ ಎಲ್ಲರಿಗೂ ಕಾಣೋ ಹಾಗೆ ಅಂಟಿಸಿದೆವು. ಸ್ಟೈಲ್, ಅಂದರೆ ಹೊಲಿಯೋ ಶರ್ಟಿನ ಮಾದರಿ, ಬದಲಾಗೋ ದಿನ ಹೇಗೂ ಬ್ಯಾಚಿಗೆ ಪೀಸ್ ಬರೋದು ನಿಧಾನ, ಆ ಹೊತ್ತಿನಲ್ಲಿ ಕಲಿಯೋಕೆ ಕೂರಿಸ್ತೀವಿ. ಹೆಲ್ಪರ್ ಹುಡುಗಿಯರೂ ಕೂರ್ತಾರೆ. ಈಗ ರಾಶಿ ಬಿದ್ದರೆ ಪಕ್ಕದವಳೇ ಎದ್ದು ಬರ್ತಾಳೆ: "ಸರೀರಿ ಅಕ್ಕ, ಇಪ್ಪತ್ತು ಪೀಸ್ ನಾನು ಹಾಕ್ಕೊಡ್ತೀನಿ, ನೀವು ನೀರು ಕುಡ್ಕೊಂಡ್ ಬನ್ನಿ." ಆ ಮಾತು ಬರೋವರೆಗೆ ನಮ್ಮದು 48 ಮೆಷಿನ್ ಇಟ್ಟ ಒಂದು ಶೆಡ್ಡು, ಅಷ್ಟೇ.

ಹಾಜರಿ ಬೋನಸ್ ಬಗ್ಗೆಯೂ ಒಂದು ಮಾತು. ತಿಂಗಳಿಗೆ ಒಂದು ದಿನ ತಪ್ಪಿದರೂ ಪೂರ್ತಿ ಹೋಗುತ್ತೆ ಅನ್ನೋ ನಿಯಮ ಎಷ್ಟೋ ಕಡೆ ಇದೆ. ಮಗುವಿಗೆ ಜ್ವರ ಅಂತ ಒಂದು ದಿನ ಉಳಿದವಳು, ಬೋನಸ್ ಹೇಗೂ ಹೋಯಿತಲ್ಲ ಅಂತ ಇನ್ನೆರಡು ದಿನ ಊರಿಗೆ ಹೋಗಿ ಬರ್ತಾಳೆ. ನಾನಾದರೂ ಹಾಗೇ ಮಾಡ್ತಿದ್ದೆ. ತಪ್ಪಿದಷ್ಟು ದಿನಕ್ಕೆ ಅಷ್ಟು ಅಂತ ಕಳೆಯಿರಿ ಸಾರ್, ಮಾರನೇ ದಿನ ಬರ್ತಾರೆ ಅಂತ ಎಚ್.ಆರ್.ಗೆ ಹೇಳಿ ಹೇಳಿ ಸಾಕಾಗಿದೆ.

ಸಂಬಳ ಕಮ್ಮಿ ಇರೋ ಕಡೆ ಇವೆಲ್ಲ ಕಣ್ಣೊರೆಸೋ ಮಾತು ಅನ್ನೋರೂ ಇದ್ದಾರೆ. ಅರ್ಧ ನಿಜ. ಸಂಬಳದ ಜಾಗಕ್ಕೆ ಸಿಹಿ ಮಾತು ಬಾರದು. ಆದರೂ ಅಚ್ಯುತ ಅಧ್ವರ್ಯು, ತೆರೇಸಾ ಮೊಲಿನಾ, ಅನಂತ್ ನ್ಯಷಾಧಮ್ ಅನ್ನೋ ಅರ್ಥಶಾಸ್ತ್ರಜ್ಞರು ನಮ್ಮಂಥ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲೇ ಮಾಡಿದ ಒಂದು ಅಧ್ಯಯನ ಇದೆ. 2016ರ ಸಂಬಳ ಏರಿಕೆ ಕಾರ್ಮಿಕರು ಅಂದುಕೊಂಡದ್ದಕ್ಕಿಂತ ಕಡಿಮೆ ಇತ್ತು. ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವರಿಗೆ ಮಾತ್ರ ಕೆಲಸ, ಸಂಬಳ, ಸೂಪರ್‌ವೈಸರ್ ಬಗ್ಗೆ ಹೆಸರು ಹಾಕದೆ ಅಭಿಪ್ರಾಯ ಹೇಳೋ ಅವಕಾಶ ಕೊಟ್ಟರು. ಉಳಿದವರಿಗೆ ಹೋಲಿಸಿದರೆ ಇವರಲ್ಲಿ ಕೆಲಸ ಬಿಟ್ಟವರು ಸುಮಾರು 20 ಪರ್ಸೆಂಟ್ ಕಮ್ಮಿ. ಏರಿಕೆ ನೋಡಿ ಹೆಚ್ಚು ಬೇಜಾರಾಗಿದ್ದವರ ಮೇಲೇ ಪರಿಣಾಮ ಜಾಸ್ತಿ. ಕೇಳಿದ್ದಷ್ಟಕ್ಕೇ ಇಷ್ಟು. ನಮ್ಮಲ್ಲಿ ಕ್ಯಾಂಟೀನ್ ಬಾಗಿಲಲ್ಲಿ ಒಂದು ಸಲಹಾ ಪೆಟ್ಟಿಗೆ ಇದೆ, ಅದರ ನೆತ್ತಿ ಮೇಲೇ ಸಿ.ಸಿ.ಟಿ.ವಿ. ಕ್ಯಾಮೆರಾ. ಅದರೊಳಗೆ ಚೀಟಿ ಬೀಳಲ್ಲ ಅಂತ ಮ್ಯಾನೇಜರಿಗೆ ಆಶ್ಚರ್ಯ!

ವರ್ಷಕ್ಕೊಮ್ಮೆ ಟೀಮ್ ಬಿಲ್ಡಿಂಗ್ ತರಬೇತಿಗೆ ಯಾರನ್ನೋ ಕರೆಸ್ತಾರೆ. ಬಲೂನು, ಹಗ್ಗ, ಚಪ್ಪಾಳೆ. ಹೆಂಗಸರು ನಕ್ಕು ಆಡಿ ಬರ್ತಾರೆ, ಮೆಷಿನ್ ಬಿಟ್ಟು ಎರಡು ಗಂಟೆ ಆರಾಮ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಗ್ಗಟ್ಟು ಅಂದರೇನು ಅಂತ ಇವರಿಗೆ ಹೇಳಿಕೊಡೋಕೆ ಹೊರಟವರು 2016ರ ಏಪ್ರಿಲ್ 18, 19 ನೆನಪಿಸಿಕೊಳ್ಳಲಿ. ಪಿ.ಎಫ್.ನಲ್ಲಿ ಕಂಪನಿ ಕಟ್ಟೋ ಪಾಲನ್ನು 58 ವರ್ಷ ಆಗೋವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಮದುವೆ, ಮನೆ, ಮಕ್ಕಳ ಫೀಸು ಎಲ್ಲಕ್ಕೂ ಇದ್ದದ್ದು ಆ ದುಡ್ಡೇ. ಸಾವಿರಾರು ಜನ ಮೆಷಿನ್ ಬಿಟ್ಟು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಕರೆ ಕೊಟ್ಟ ದೊಡ್ಡ ನಾಯಕರು ಯಾರೂ ಇರಲಿಲ್ಲ. ಗಲಾಟೆ, ಲಾಠಿ ಎಲ್ಲಾ ಆಯಿತು. ಎರಡನೇ ದಿನವೇ ನಿಯಮ ವಾಪಸ್.

ಇನ್ನು ಇನ್ಸೆಂಟಿವ್. ಒಬ್ಬೊಬ್ಬರಿಗೆ ಬೇರೆ ಬೇರೆ ಕೊಡೋದಕ್ಕಿಂತ ಇಡೀ ಬ್ಯಾಚಿಗೆ ಕೊಡೋದೇ ಸರಿ ಅನ್ನೋದು ನನ್ನ ಅಭಿಪ್ರಾಯ. ಒಬ್ಬೊಬ್ಬರಿಗೆ ಕೊಟ್ಟರೆ ಪಕ್ಕದ ರಾಶಿಯನ್ನು ಯಾರೂ ನೋಡಲ್ಲ, ಆಲ್ಟ್ರೇಷನ್ (ತಪ್ಪು ಸರಿಮಾಡೋಕೆ) ಅಂತ ವಾಪಸ್ ಬಂದ ಪೀಸನ್ನು ಯಾರೂ ಮುಟ್ಟಲ್ಲ. ಬ್ಯಾಚಿಗೆ ಕೊಟ್ಟರೆ ಸೋಮಾರಿಗಳಿಗೆ ಅನುಕೂಲ ಅಂತಾರೆ ನಮ್ಮ ಪ್ರೊಡಕ್ಷನ್ ಮ್ಯಾನೇಜರ್. ಇಲ್ಲ ಸಾರ್, ಸೋಮಾರಿಯನ್ನು ಬ್ಯಾಚಿನವರೇ ನೋಡಿಕೊಳ್ತಾರೆ, ಅವರ ಬಾಯಿ ನಿಮಗೆ ಗೊತ್ತಿಲ್ಲ. ಜಗಳ ಉಳಿದಿರೋದು ಹೆಲ್ಪರ್‌ಗಳದ್ದು. ದಾರ ಕತ್ತರಿಸೋರು, ಬಂಡಲ್ ಹೊರೋರು ಟೈಲರ್ ಅಲ್ಲ, ಅವರಿಗೆ ಪಾಲು ಯಾಕೆ ಅನ್ನೋದು ಆಫೀಸಿನ ವಾದ. ಬಂಡಲ್ ಹೊತ್ತಿಗೆ ಸರಿಯಾಗಿ ಬರದಿದ್ದರೆ ಕಾಲರಿನವಳು ಗಂಟೆಗೆ 72 ಮಾಡೋದು ಯಾವುದರಿಂದ? ಅರ್ಧ ಪಾಲಾದರೂ ಕೊಡಿ ಅಂತ ಲೆಕ್ಕ ಹಾಕಿ ಕೊಟ್ಟಿದ್ದೇನೆ. ಬರೋ ತಿಂಗಳ ಸ್ಟೈಲಿಗೆ ಒಂದು ಬ್ಯಾಚಿನಲ್ಲಿ ಮಾಡಿ ನೋಡೋಣ ಅಂದಿದ್ದಾರೆ.